ಐದು ಸೆಕೆಂಡಿನ ಸ್ವಿಚ್ಚು

ಜಂಬ ಪಡಬಾರದೆಂದು ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದವನು ನಾನು. ನಿವೃತ್ತನಾದ ಮೇಲೆ ಆ ಪಾಠದಿಂದಲೂ ನಿವೃತ್ತನಾಗಿದ್ದೇನೆ. ಈಗ ಪುತ್ತೂರಿನ ನಮ್ಮ ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಅವರಿಗೆ ಸಿಗುವುದು ನನ್ನ ಲ್ಯಾಪ್‌ಟಾಪಿನ ದರ್ಶನ. ಅದಕ್ಕೆ ರೇಡಿಯೋ ಅಲೆ ಹಿಡಿಯುವ ಬೆರಳುದ್ದದ ಎರಡು ಯುಎಸ್‌ಬಿ ಕಡ್ಡಿಗಳನ್ನು ಸಿಕ್ಕಿಸಿ, ತಾರಸಿಯ ಆಂಟೆನಾಕ್ಕೆ ಜೋಡಿಸಿದ್ದೇನೆ. ಮಿಕ್ಕ ರೇಡಿಯೋವೆಲ್ಲ ಬರೀ ಸಾಫ್ಟ್‌ವೇರು, ಅದನ್ನು ಕೂಡಿಸಿದವನು ನಾನು. ಒಬ್ಬನೇ!

ನನಗೂ ಹೆಂಡತಿ ಸುಮತಿಗೂ ಹವ್ಯಾಸಿ ರೇಡಿಯೋದ ಲೈಸೆನ್ಸ್ ಇದೆ. ಪರೀಕ್ಷೆಯಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ ಬಂತು, ಆ ವಿಷಯ ಇಲ್ಲಿ ಬೇಡ. ಅತ್ತೆ ಕಾಲು ಮುರಿದುಕೊಂಡಾಗ ಸುಮತಿ ಮರ್ಕಂಜದ ತವರಿಗೆ ಹೋದಳು. ಅಲ್ಲಿ ಮೊಬೈಲಿಗೆ ರೇಂಜಿಲ್ಲ. ಹಾಗಾಗಿ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅವಳು ವೈರ್‌ಲೆಸ್ಸಿನಲ್ಲಿ ಕರೆಯಬೇಕೆಂದು ಮಾತಾಯಿತು. ಆದರೆ ಅತ್ತೆಯ ನಿದ್ದೆಗೆ ಹೊತ್ತುಗೊತ್ತಿಲ್ಲ. ಅಷ್ಟು ಹೊತ್ತು ಬರೀ ಸುಂಯ್ ಎನ್ನುವ ಸದ್ದು ಕೇಳುತ್ತ ಕೂರುವುದು ಹೇಗೆ? ಅದಕ್ಕೇ ಸಾಫ್ಟ್‌ವೇರಿನಲ್ಲೇ ಈ ಸ್ವಿಚ್ಚು ಮಾಡಿದೆ. ಒಂದು ಕಡ್ಡಿಯಿಂದ ರೇಡಿಯೋದ ತಾಳಮದ್ದಳೆ, ಅರ್ಥಧಾರಿಗಳು ವೇಷವಿಲ್ಲದೆ ಕೂತು ವಾದಿಸುವ ಯಕ್ಷಗಾನ, ಬರುತ್ತಿರುತ್ತದೆ. ಇನ್ನೊಂದರಲ್ಲಿ ಸುಮತಿಯ ಸಿಗ್ನಲ್ ಬಂದ ಕೂಡಲೇ ಸ್ಪೀಕರು ತಾನೇ ಅರ್ಥಧಾರಿಗಳನ್ನು ಬಿಟ್ಟು ಅವಳ ಕಡೆಗೆ ಹೊರಳುತ್ತದೆ. ನಾನು ಉತ್ತರಿಸುವುದು ಬೇರೆ ಟ್ರಾನ್ಸ್‌ಮಿಟರಿನಿಂದ.

ಮೊದಮೊದಲು ಪಕ್ಕದ ಮನೆಯವರು ಮಿಕ್ಸಿಯನ್ನು ಒಂದು ಸುತ್ತು ತಿರುಗಿಸಿದರೂ ಆ ಗದ್ದಲವನ್ನೇ ಸಿಗ್ನಲ್ ಎಂದುಕೊಂಡು ಅದು ಹೊರಳುತ್ತಿತ್ತು. ಭೀಷ್ಮ ಮಾತಾಡುತ್ತಿರುವಾಗ ನಡುವೆ ಗರ್ರ್ ಎಂದರೆ ಯಾರಿಗೆ ಸಹನೆ? ಸಿಗ್ನಲ್ ಐದು ಸೆಕೆಂಡು ನಿಂತರೆ ಮಾತ್ರ ಹೊರಳು ಎಂದು ತಿದ್ದಿದೆ. ಸುಮತಿಯ ಮೊದಲ ಐದು ಸೆಕೆಂಡು ನನಗೆ ಕೇಳುತ್ತಿರಲಿಲ್ಲ, ನಿಜ. ನಿಯಮದಂತೆ ಮೊದಲು ಹೇಳುವುದು ಸರಕಾರ ಕೊಟ್ಟ ಕರೆಹೆಸರು, ಅಂದರೆ ಕಾಲ್‌ಸೈನ್. ಹೆಂಡತಿಯ ಗುರುತು ಹಿಡಿಯಲು ನನಗೆ ಸರಕಾರದ ಸಹಾಯ ಬೇಕೇ?

ದಿನ ಹೋದಂತೆ ಅವಳ ಮಾತು ಚುಟುಕಾಯಿತು. ಯಂತ್ರದ ಶಿಸ್ತು ಅವಳಿಗೂ ಬಂತೆಂದು ಬೀಗಿದೆ. ಆಮೇಲೆ ಎರಡು ದಿನ ಕರೆಯೇ ಇಲ್ಲ, ನಾನು ಕರೆದರೆ ಉತ್ತರವೂ ಇಲ್ಲ. ತಾಳಮದ್ದಳೆ ತಡೆಯಿಲ್ಲದೆ ನಡೆಯಿತು, ನನಗೆ ಒಂದು ಪದವೂ ತಲೆಗೆ ಹತ್ತಲಿಲ್ಲ. ಹೆದರಿಕೆಯಾಗಿ ಮೂರನೆಯ ದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಸುಮತಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. "ದಿನಾ ಕರೆಹೆಸರು ಹೇಳಿದ ಕೂಡ್ಲೇ ಎಂತ ಕೇಳುದು ನಾನು? ಊಟ ಆಯ್ತಾ, ಬಿಪಿ ಮಾತ್ರೆ ತೆಗೊಂಡ್ರಾ ಅಂತ. ಒಂದು ದಿನ ಉತ್ತರ ಕೊಟ್ಟದ್ದುಂಟಾ ನೀವು? ಗೋಡೆ ಹತ್ರ ಎಷ್ಟು ದಿನ ಮಾತಾಡುದು ಮಾರಾಯ್ರೆ?"

ನಾನು ಹೆಮ್ಮೆಯಿಂದಲೇ ಸ್ವಿಚ್ಚಿನ ಮರ್ಮ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಅಂದ್ರೆ ಇದು ಹೆಂಡತಿಯೋ ಮಿಕ್ಸಿಯೋ ಅಂತ ತಿಳೀಲಿಕ್ಕೆ ನಿಮಗೆ ಐದು ಸೆಕೆಂಡು ಬೇಕಾ?" ಎಂದಳು. ಒಳಗೆ ಮಲಗಿದ್ದ ಅತ್ತೆ ಕಾಲುನೋವು ಮರೆತು ನಕ್ಕರು. ನನಗೆ ಮಾತ್ರ ಆಗ ಹೊಳೆಯಿತು: ಆ ಐದು ಸೆಕೆಂಡಿನ ಜೊತೆ ನಾನು ಬೇಡವೆಂದು ಎಸೆದದ್ದು ಅವಳ ಅಕ್ಕರೆಯನ್ನೇ.

ಮನೆಗೆ ಬಂದವನೇ ಸ್ವಿಚ್ಚನ್ನು ತಿದ್ದಿದೆ. ಈಗ ಅದು ಬಂದ ಮಾತನ್ನು ಐದು ಸೆಕೆಂಡು ಹಿಡಿದಿಟ್ಟು, ಅವಳೇ ಎಂದು ಖಚಿತವಾದ ಮೇಲೆ ಮೊದಲಿನಿಂದ ಕೇಳಿಸುತ್ತದೆ. ಒಂದು ಅಕ್ಷರವೂ ನಷ್ಟವಿಲ್ಲ. ಇಂಥದ್ದು ಸುಳ್ಯ, ಕಡಬದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಮರುದಿನ "ಊಟ ಆಯ್ತಾ?" ಎಂಬುದು ಸ್ಪಷ್ಟವಾಗಿ ಕೇಳಿತು. "ಆಯ್ತು, ಆಯ್ತು" ಎಂದೆ. ಅವಳಿಗೆ ಆ ಉತ್ತರ ಮುಟ್ಟುವಾಗ ಐದು ಸೆಕೆಂಡು ತಡವಾಗಿತ್ತು.

"ಇಷ್ಟು ಯೋಚನೆ ಮಾಡಿ ಹೇಳುದು ಯಾಕೆ? ಆಗ್ಲಿಲ್ಲ ಅಲ್ವಾ?" ಎಂದಳು.

ಯಂತ್ರದ ತಡವನ್ನು ಮತ್ತೆ ವಿವರಿಸಬಹುದಿತ್ತು. ಆದರೆ ಅವತ್ತು ನಾನು ನಿಜವಾಗಿಯೂ ಊಟ ಮಾಡಿರಲಿಲ್ಲ.