ಬಿಸಿ ಎಂಜಿನ್ನು, ತಣ್ಣನೆಯ ಹೆಂಡತಿ

ಬೆಳಿಗ್ಗೆ ಶಾಲೆಗೆ ಹೋಗುವ ಅವಸರದಲ್ಲಿ ಬಚ್ಚಲಿಗೆ ನುಗ್ಗಿದ ಗೃಹಸ್ಥನೊಬ್ಬ, ತನ್ನ ಹಂಡೆಯಲ್ಲಿ ತನಗಿಂತ ಮೊದಲೇ ರೇಡಿಯೇಟರೊಂದು ಮೀಯುತ್ತಿರುವುದನ್ನು ಕಂಡರೆ ಏನು ಮಾಡಬೇಕು? ನಾನು ಕೂಗಿಕೊಂಡೆ.

"ಮಯೂರಿ! ಹಂಡೇದಾಗ ಏನಿದು?"

"ಎತ್ತಬ್ಯಾಡ್ರಿ! ಸೋರತೈತೇನಂತ ಮುಳುಗಿಸಿಟ್ಟೇನಿ, ಗುಳ್ಳಿ ಏಳತಾವೇನು ನೋಡ್ರಿ. ಎದ್ರ, ಎಲ್ಲಿಂದ ಏಳತಾವ ಅಲ್ಲೇ ಬೆರಳಿಟ್ಟು ಹಿಡಕೊಂಡ ನಿಂದರ್ರಿ. ನಾ ರೊಟ್ಟಿ ತೆಗದು ಬಂದೆ!"

"ನನ್ನ ಸ್ನಾನ?"

"ಅದರದಾದಮ್ಯಾಲ ನಿಮ್ಮದು."

(ನಮ್ಮ ಮನೆಯ ಸರದಿಯೇ ಹೀಗೆ. ಮೊದಲು ವಿಮಾನ, ಆಮೇಲೆ ಅವ್ವ, ಆಮೇಲೆ ನಾನು. ನಾಯಿಯೊಂದನ್ನು ಸಾಕಿದ್ದರೆ ನಾನು ಇನ್ನೂ ಒಂದು ಮೆಟ್ಟಿಲು ಇಳಿಯುತ್ತಿದ್ದೆ.)

ಹೌದು, ವಿಮಾನ. ನೀವು ಸರಿಯಾಗಿಯೇ ಓದಿದಿರಿ. ನಾನು ಶಶಿಕುಮಾರ, ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ. ಸಂಧಿ ಬಿಡಿಸುವುದು ನನ್ನ ವೃತ್ತಿ. ನನ್ನ ಹೆಂಡತಿ ಮಯೂರಿ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಲೆಕ್ಚರರ್. ನಟ್ಟು ಬಿಡಿಸುವುದು ಆಕೆಯ ವೃತ್ತಿ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಗ್ಲೈಡರ್ ಏರಿದವಳು, ಮುಂದೆ ವಿಮಾನ ಹಾರಿಸುವ ಲೈಸನ್ಸನ್ನೂ ಪಡೆದವಳು. ಲಗ್ನದ ಮಾತುಕತೆಯಲ್ಲೇ ಅವಳ ಸೋದರಮಾವ, "ಹುಡುಗಿ ಸ್ವಲ್ಪ ಹಾರಾಡತಾಳ್ರಿ" ಎಂದು ಪ್ರಾಮಾಣಿಕವಾಗಿ ಹೇಳಿದ್ದ. ಸ್ವಭಾವದ ಮಾತು ಇರಬೇಕು, ಹೊಂದಿಕೊಂಡು ಹೋದರಾಯಿತು ಎಂದುಕೊಂಡು ನಾನು ಒಪ್ಪಿದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರ ಹೊರಗಿನ ತಾರಿಹಾಳದಲ್ಲಿ ಮಕಬೂಲಸಾಬರ ರೇಡಿಯೇಟರ್ ರಿಪೇರಿ ಶೆಡ್ಡಿನ ಅರ್ಧ ಜಾಗವನ್ನು ಆಕೆಯ ಎರಡು ಸೀಟಿನ ವಿಮಾನ ಆಕ್ರಮಿಸಿಕೊಂಡಿತ್ತು. ಅದರ ರೆಕ್ಕೆಯ ಪಟ್ಟಿಗಳು ಹುಟ್ಟಿದ್ದು ನಮ್ಮ ಮಂಚದ ಕೆಳಗೆ. ಬಾಲ ಬೆಳೆದದ್ದು ನಮ್ಮ ಪಡಸಾಲೆಯಲ್ಲಿ. ನಮ್ಮ ಅವ್ವ ಸಾವಕ್ಕ ಮೊದಮೊದಲು ಸೊಸೆಗೆ ಗಾಳಿ ಬಡಿದಿದೆ ಎಂದು ಲಿಂಬೆಹಣ್ಣು ಇಳಿಸಿ ಒಗೆದಳು. (ರೋಗ ಗುರುತಿಸಿದ್ದು ಸರಿಯಾಗಿಯೇ ಇತ್ತು. ಮಯೂರಿಗೆ ಮೂರು ಹೊತ್ತೂ ಗಾಳಿಯದೇ ಚಿಂತೆ.) ಆದರೆ ರೆಕ್ಕೆಗೆ ಬಟ್ಟೆ ಹೊಲಿಯುವ ಕೆಲಸ ತನ್ನ ಮಷಿನ್ನಿಗೆ ಬಂದದ್ದೇ ತಡ, ಅವ್ವ ಪಕ್ಷಾಂತರ ಮಾಡಿದಳು. ಮನೆಯಲ್ಲಿ ನಾನು ಅಲ್ಪಸಂಖ್ಯಾತನಾದೆ.

ಇನ್ನು ಎಂಜಿನ್ನಿನ ವಿಷಯ. ಅದು ಹಳೆಯ ಕಾರೊಂದರದು. ಕಾರಿನಲ್ಲಿದ್ದಾಗ ಬಲು ಸಾಧುವಾಗಿತ್ತಂತೆ. ವಿಮಾನದ ಮೂಗಿಗೆ ಬಂದದ್ದೇ, ಸಿಟ್ಟು ಅದರ ಮೂಗಿನ ತುದಿಗೆ ಬಂತು. ಚಾಲೂ ಮಾಡಿ ಸ್ವಲ್ಪ ಹೊತ್ತಿನಲ್ಲೇ ಕುದಿಯತೊಡಗುತ್ತಿತ್ತು. ಅದನ್ನು ಶಾಂತವಾಗಿಡಲು ಇಬ್ಬರು ಸೇವಕರು. ನೀರು ತಣಿಸಲು ರೇಡಿಯೇಟರ್, ಎಣ್ಣೆ ತಣಿಸಲು ಆಯಿಲ್ ಕೂಲರ್. ಇಬ್ಬರಿಗೂ ಆಹಾರ ಗಾಳಿ. ಹಾರುವ ವಸ್ತುವಿಗೆ ಗಾಳಿಯ ಬರವೇ ಎಂದು ನಾನು ಕೇಳಿದ್ದೆ.

"ಗಾಳಿ ಬೇಕಾದಷ್ಟೈತಿ. ಆದ್ರ ರೇಡಿಯೇಟರ್ ಒಳಗ ಹೊಕ್ಕೊಳ್ಳವಲ್ದು. ಬಾಜೂಕಿನ ಸಂದ್ಯಾಗಿಂದ ಜಾರಿ ಹೊಂಟ ಹೋಗತೈತಿ," ಎಂದಳು ಮಯೂರಿ. "ಥೇಟ್ ನಿಮ್ಮ ಹಿಂದಿನ ಬೆಂಚಿನ ಹುಡುಗರಗತೆ."

ಆಯಿಲ್ ಕೂಲರಿನದು ಬೇರೆಯೇ ಕಥೆ. ಮೊದಲು ಆಕೆ ಅದನ್ನು ನೇರವಾಗಿ ಎಂಜಿನ್ನಿಗೇ ಬಿಗಿದಿದ್ದಳು. ಒಂದು ರವಿವಾರ ಎಂಜಿನ್ ಚಾಲೂ ಆಯಿತು, ಗಡಗಡ ನಡುಗಿತು, ಬೋಲ್ಟು ಕೂತಿದ್ದ ಕೂಲರಿನ ಕಿವಿ ಬಿರಿಯಿತು. ಒಳಗಿನ ಕರಿ ಎಣ್ಣೆಯೆಲ್ಲ ಹೊರಗೆ ಹಾರಿ, ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ನಿಂತಿದ್ದ ಕನ್ನಡ ಮಾಸ್ತರನ ಮೇಲೆ ಬಂದು ಕೂತಿತು.

"ತಪ್ಪು ನಂದ," ಎಂದು ಮಯೂರಿ ಹಣೆ ಬಡಿದುಕೊಂಡಳು. ನನ್ನ ಅಂಗಿಗಾಗಿ ಮರುಗುತ್ತಿದ್ದಾಳೆ ಎಂದು ನನಗೆ ಕರುಳು ಚುರ್ ಎಂದಿತು. "ನಡಗೂ ಎಂಜಿನ್ನಿಗೆ ಇದನ್ನ ಬಿಗಿದ ಕಟ್ಟಬಾರದಾಗಿತ್ತು. ಎಂಜಿನ್ ಹಿಂದಿನ ತಗಡಿನ ಗ್ವಾಡಿಗೆ ಹಾಕಿ, ನಡುವ ರಬ್ಬರ್ ಕೊಟ್ಟು, ಪೈಪ್ ಸಡಲ ಬಿಡಬೇಕು." ಅಂಗಿಯ ಸುದ್ದಿಯೇ ಇಲ್ಲ! ಮರುದಿನ ನನ್ನ ಬಚ್ಚಲ ಚಪ್ಪಲಿಯಲ್ಲಿ ಬಿಲ್ಲೆಯಾಕಾರದ ತೂತುಗಳಿದ್ದವು. ಒಳ್ಳೆಯ ರಬ್ಬರ್ ಬರುವತನಕ ಅಳತೆ ನೋಡಲು ಬೇಕಾಗಿತ್ತಂತೆ.

ಕೂಲರ್ ಹಾಗೆ ಸರಿಹೋಯಿತು. ರೇಡಿಯೇಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮುಂದೆ ತೂಗುಹಾಕಿದರು, ಕೆಳಗೆ ಇಳಿಸಿದರು, ವಾರೆ ಮಾಡಿದರು. ಪ್ರತಿ ಸಲವೂ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು. ಎಂಜಿನ್ನಿಗೆ ಬಿಸಿ, ಮಕಬೂಲಸಾಬರಿಗೆ ತಲೆಬಿಸಿ. ಮಯೂರಿ ಮಾತ್ರ ತಣ್ಣಗೆ, "ಮತ್ತೊಮ್ಮೆ ಬಿಚ್ಚೂಣ್ರಿ" ಅನ್ನುತ್ತಿದ್ದಳು.

ಮತ್ತು ನಾನು? ನಿಮ್ಮೊಬ್ಬರಿಗೇ ಹೇಳುತ್ತೇನೆ. ಮುಳ್ಳು ಮೇಲೇರಿದಂತೆಲ್ಲ ನನ್ನ ಎದೆ ತಂಪಾಗುತ್ತಿತ್ತು. ನಾನು ಧೈರ್ಯವಂತನಲ್ಲ. ಹೆಂಡತಿ ಸಂಜೆ ಬರುವುದು ಸ್ವಲ್ಪ ತಡವಾದರೆ ಗೇಟಿನ ಬಳಿ ಹೋಗಿ ನಿಲ್ಲುವವನು. ರಸ್ತೆಯಲ್ಲಿ ತಡವಾದರೆ ಬಸ್ಸನ್ನು ಬೈಯಬಹುದು. ಆಕಾಶದಲ್ಲಿ ತಡವಾದರೆ ಯಾವ ಗೇಟಿಗೆ ಹೋಗಿ ನಿಲ್ಲಬೇಕು? ಎಂಜಿನ್ ಕುದಿಯುವತನಕ ಆಕೆ ನೆಲದ ಮೇಲಿರುತ್ತಾಳೆ. ಆ ಕುದಿಯೇ ನನಗೆ ನೆಮ್ಮದಿ.

ಒಂದು ಮಧ್ಯಾಹ್ನ ಆಕೆ ವಿಮಾನದ ಮೂಗಿನ ಕೆಳಗೆ ಗಾಳಿ ಒಳಹೋಗುವ ಬಾಯನ್ನು ಇನ್ನಷ್ಟು ಅಗಲ ಕತ್ತರಿಸಿ ಎಂಜಿನ್ ಓಡಿಸಿದಳು. ಈ ಸಲ ಮೊದಲಿಗಿಂತ ಬೇಗ ಕುದಿಯಿತು. ಮಯೂರಿ ಬಂದ್ ಮಾಡಿ, ಇಳಿದು, ಮಗುಚಿಟ್ಟ ಡಬ್ಬಿಯೊಂದರ ಮೇಲೆ ಕೂತಳು. ಮತ್ತೊಮ್ಮೆ ಬಿಚ್ಚೋಣ ಅನ್ನಲಿಲ್ಲ. ಮುಂಗೈಯಿಂದ ಹಣೆ ಒರೆಸಿಕೊಂಡಳು. ಹಣೆಯ ಮೇಲೆ ಕರಿ ಗೆರೆ ಮೂಡಿತು.

"ಬಿಟ್ಟಬಿಡೂಣೇನ್ರಿ?" ಎಂದಳು ಸಣ್ಣ ದನಿಯಲ್ಲಿ.

ನಾನು ವರ್ಷಗಟ್ಟಲೆ ಕಾದಿದ್ದ ಮಾತು ಅದು! 'ಹೂಂ' ಎಂದರೆ ಮುಗಿಯುತ್ತಿತ್ತು. ಆದರೆ ಆ ಮುಖ ನೋಡಿ ಹೂಂ ಅನ್ನಲು ಬಾಯಿ ಬರಲಿಲ್ಲ. ಬೇಡ, ಮುಂದುವರಿಸು ಅನ್ನಲು ಧೈರ್ಯ ಬರಲಿಲ್ಲ. ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಎಂಜಿನ್ ಖಂಡಿತ ಸುಧಾರಿಸದಂಥ ಸಲಹೆಯೊಂದನ್ನು ಕೊಟ್ಟರೆ? ಆಕೆಗೆ ಕೆಲಸ ಇರುತ್ತದೆ, ಆಸೆ ಇರುತ್ತದೆ, ಎಂಜಿನ್ ಕುದಿಯುತ್ತಿರುತ್ತದೆ. ಎಲ್ಲರೂ ನೆಲದ ಮೇಲೆ ಸುಖವಾಗಿರುತ್ತೇವೆ.

"ಬಾಯಿ ದೊಡ್ಡದ ಮಾಡಿ ನೋಡಿದಿ," ಎಂದೆ ಗಂಭೀರವಾಗಿ. "ಒಮ್ಮೆ ಸಣ್ಣದ ಮಾಡಿ ನೋಡು."

ಮಕಬೂಲಸಾಬರು ಹೊಟ್ಟೆ ಹಿಡಿದು ನಕ್ಕರು. "ಮಾಸ್ತರ್ರ, ಸೆಕಿಯಾಗಿ ಸಾಯಾಕತ್ತಾಂವನ ಮೂಗು ಹಿಡಿ ಅಂತೀರಲ್ರಿ!"

ಮಯೂರಿ ನಗಲಿಲ್ಲ. ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎಣ್ಣೆ ಹಾಕುವ ಲಾಳಿಕೆಯನ್ನು ಕೈಗೆತ್ತಿಕೊಂಡು ಅದರ ಸಣ್ಣ ತುದಿಯನ್ನು ಮುಂದೆ ಮಾಡಿ ಹಿಡಿದಳು.

"ಸಾಬರ, ಇಲ್ಲಿ ನೋಡ್ರಿ. ಸಣ್ಣ ಬಾಯಿಲೆ ಹೊಕ್ಕ ಗಾಳಿಗೆ ಒಳಗ ಸಾವಕಾಶ ಅಗಲ ಜಾಗಾ ಸಿಕ್ಕರ, ಅದರ ಓಟ ಕಡಿಮಿ ಆಗತೈತಿ, ಒತ್ತಡ ಹೆಚ್ಚಾಗತೈತಿ. ಬಾಜೂಕಿನ ಸಂದಿ ಎಲ್ಲಾ ಮುಚ್ಚಿದ್ರ ರೇಡಿಯೇಟರ್ ಒಳಗಿಂದನ ಹೋಗಬೇಕು, ಬ್ಯಾರೆ ಹಾದಿನ ಇಲ್ಲ. ಹಿಂದ ಹೊರಗ ಹೋಗೂ ಬಾಗಲಾ ದೊಡ್ಡದಿಟ್ಟು..." ಆಕೆ ದಿಗ್ಗನೆ ಎದ್ದಳು. "ಅಯ್ಯ, ಇದನ್ನ ನಾನ ಹುಡುಗರಿಗೆ ಪಾಠಾ ಮಾಡತೇನಿ! ರೀ, ಇಷ್ಟ ದಿವಸ ಈ ತಲೀನ ಎಲ್ಲಿ ಇಟ್ಟಿದ್ರಿ?"

ನನ್ನ ತಲೆ ಎಲ್ಲಿತ್ತೋ ಅಲ್ಲಿಯೇ ಗಿರ್ರೆಂದು ತಿರುಗುತ್ತಿತ್ತು.

ಮಕಬೂಲಸಾಬರು ತಗಡು ಬಾಗಿಸಿದರು. ಅವ್ವ ಕನ್ನಡಕ ಏರಿಸಿಕೊಂಡು ಸಂದಿಸಂದಿಗೆ ರಬ್ಬರ್ ಪಟ್ಟಿ ಕತ್ತರಿಸಿ ಕೊಟ್ಟಳು. ಎಂಜಿನ್ ಓಡಿತು. ಮುಳ್ಳು ಏರಿತು, ಏರಿತು, ಕೆಂಪು ಗೆರೆಗಿಂತ ಬಹಳ ಕೆಳಗೆ ನಿಂತುಬಿಟ್ಟಿತು. ಸಿಕ್ಕಿಹಾಕಿಕೊಂಡಿರಬೇಕೆಂಬ ಕೊನೆಯ ಆಸೆಯಿಂದ ನಾನು ಗಾಜನ್ನು ಬೆರಳಿನಿಂದ ಬಡಿದು ನೋಡಿದೆ. ಮುಳ್ಳು ಕದಲಲಿಲ್ಲ.

ಅಂದಿನಿಂದ ನಾನು ವಿಜ್ಞಾನಿಯಾದೆ. ಮಯೂರಿ ತನ್ನ ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ಹೇಳಿದಳು. ದುರ್ಗದಬೈಲಿನಲ್ಲಿ ಕಾಯಿಪಲ್ಲೆ ತರಲು ಹೋದರೆ ಮಕಬೂಲಸಾಬರು ಕಂಡಕಂಡ ಅಂಗಡಿಯವರಿಗೆಲ್ಲ, "ವಿಮಾನದ ಬಾಯಿ ಸಣ್ಣದ ಮಾಡಿದ ಮಾಸ್ತರ್ ಇವರ ನೋಡ್ರಿ" ಎಂದು ತೋರಿಸಿದರು. ನಾನು ಕೈಚೀಲದ ಹಿಂದೆ ಮುಖ ಮರೆಸಿಕೊಂಡೆ. ಎಂಥ ವಿನಯ ಎಂದು ಜನ ಕೊಂಡಾಡಿದರು.

ತಪಾಸಣೆಯಾಯಿತು, ಪರವಾನಗಿ ಬಂತು. ಗೋಕುಲ ರೋಡಿನ ವಿಮಾನ ನಿಲ್ದಾಣದಿಂದ ಮಯೂರಿ ಮೊದಲ ಸಲ ಒಬ್ಬಳೇ ಹಾರಿದಳು. ನಾನು ಕಣ್ಣು ಮುಚ್ಚಿ ಬೇಲಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಅವ್ವನ ವೀಕ್ಷಕ ವಿವರಣೆ ನಡೆದಿತ್ತು. "ಏರಿದಳು... ಹೊಳ್ಳಿದಳು... ಹದ್ದಿನಗತೆ ತೇಲಾಕತ್ತಾಳ... ಕಣ್ಣರ ತೆರಿಯೋ, ಅಂಜುಬುರುಕ!" ಇಳಿದ ಸದ್ದು ಕೇಳಿದ ಮೇಲೆಯೇ ನಾನು ಕಣ್ಣು ತೆರೆದದ್ದು. ಆ ಹೊತ್ತಿಗೆ ಬೇಲಿಯ ತಂತಿಯ ಗುರುತು ಅಂಗೈಯಲ್ಲಿ ಅಚ್ಚೊತ್ತಿತ್ತು.

ಹೀಗೆ ಆಕೆ ಒಬ್ಬಳೇ ಹಾರಬೇಕಾದಷ್ಟು ಹಾರಿ ಮುಗಿಸಿದ ಮೇಲೆ, ಜೊತೆಗೊಬ್ಬರನ್ನು ಕೂರಿಸಿಕೊಳ್ಳಲು ಅಪ್ಪಣೆ ಸಿಕ್ಕಿತು. "ಮೊದಲನೇ ಪ್ಯಾಸೆಂಜರ್ ನೀವ," ಎಂದಳು. "ನಿಮ್ಮ ಐಡಿಯಾದ ಮ್ಯಾಲ ನಿಮಗ ನಂಬಿಗಿ ಇಲ್ಲೇನು?" ಊರವರಿಂದೆಲ್ಲ ಹೊಗಳಿಸಿಕೊಂಡವನು ಇಲ್ಲ ಅನ್ನುವುದು ಹೇಗೆ? ನನ್ನನ್ನು ಕೂರಿಸಿ, ಪಟ್ಟಿ ಬಿಗಿದು, ಕಿವಿಗೆ ಹೆಡ್‌ಫೋನ್ ಹಾಕಿ, "ನೀವು ಆ ಮುಳ್ಳ ನೋಡಕೋತ ಕುಂದರ್ರಿ" ಎಂದಳು. ನೆಲ ಕಾಲ ಕೆಳಗಿನಿಂದ ಜಾರಿತು. ನಾನು ಮುಳ್ಳನ್ನು ಕಣ್ಣಿನಿಂದಲೇ ಹಿಡಿದುಕೊಂಡೆ.

"ಅವತ್ತ ಶೆಡ್ಡಿನ್ಯಾಗ ಎಂಜಿನ್ ಕೆಡ್ಲಿ ಅಂತನ ಹೇಳಿದ್ರಲ್ಲ?" ಮಯೂರಿಯ ದನಿ ತಣ್ಣಗೆ ಕಿವಿಯಲ್ಲೇ ಕೇಳಿಸಿತು.

ಆಕಾಶದಲ್ಲಿ ಎದ್ದು ಹೊರಗೆ ಹೋಗುವ ಸೌಲಭ್ಯ ಇಲ್ಲ. "ನಿನಗ ಯಾವಾಗ ಗೊತ್ತಾತು?" ಎಂದೆ.

"ಹೇಳಿದ ಕೂಡ್ಲೇ. ಸುಳ್ಳ ಹೇಳುವಾಗ ನಿಮ್ಮ ಕಿವಿ ಕೆಂಪ ಆಗತಾವ."

"ಮತ್ತ ಎಲ್ಲಾರ ಮುಂದ ಯಾಕ ಹೊಗಳಿದಿ?"

"ಹೊಗಳದಿದ್ರ ನೀವು ಈ ಸೀಟಿನ್ಯಾಗ ಕುಂದರತಿದ್ರೇನು?" ಆಕೆ ವಿಮಾನವನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದಳು. "ಅಂಜಿಕಿ ನನಗೂ ಐತ್ರಿ. ಕೆಳಗ ನೀವೊಬ್ಬರ ನಿಂತು ಅಂಜೂದು ಬ್ಯಾಡ. ಬಾಜೂಕ ಕುಂತು ಅಂಜ್ರಿ."

ಆಕೆಗೂ ಅಂಜಿಕೆ ಇರಬಹುದೆಂದು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಯೋಚಿಸಿರಲಿಲ್ಲ. "ಮುಳ್ಳ ಸರಿ ಐತಿ," ಎಂದೆ. ನಮ್ಮ ಸಂಸಾರದಲ್ಲಿ ನಾನು ಆಡಿದ ಅತ್ಯಂತ ಪ್ರೀತಿಯ ಮಾತು ಬಹುಶಃ ಅದೇ. ಆಕೆ ಉಣಕಲ್ ಕೆರೆ ನೋಡ್ರಿ ಎಂದಳು, ನೃಪತುಂಗ ಬೆಟ್ಟ ನೋಡ್ರಿ ಎಂದಳು. ನಾನು ಮುಳ್ಳು ಬಿಟ್ಟು ಕಣ್ಣು ಕದಲಿಸಲಿಲ್ಲ.

ಇಳಿದ ಕೂಡಲೇ ಅವ್ವ ಓಡಿ ಬಂದಳು. "ನಮ್ಮ ಮನಿ ಕಂಡಿತೇನೋ?"

"ತೊಂಬತ್ತು ಡಿಗ್ರಿ ದಾಟಲಿಲ್ಲ ಅವ್ವಾ," ಎಂದೆ.

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸೆರಗು ಬಿಗಿದು ಸಿಕ್ಕಿಸಿಕೊಂಡು, "ಮಯೂರಿ, ಇಂವನ್ನ ಕೆಳಗ ಬಿಡು. ನಾ ಬರತೇನಿ" ಎಂದವಳೇ ನಾನು ಬಿಸಿ ಮಾಡಿಟ್ಟಿದ್ದ ಸೀಟಿನಲ್ಲಿ ಹತ್ತಿ ಕೂತಳು.

ಅತ್ತೆ ಸೊಸೆ ಇಬ್ಬರೂ ಊರಿನ ಮೇಲೆ ಸಾವಕಾಶ ಒಂದು ಸುತ್ತು ಹಾಕಿ ಬಂದರು. ಈ ಸಲ ನಾನು ಕಣ್ಣು ತೆರೆದೇ ನಿಂತಿದ್ದೆ. ಅವ್ವ ಇಳಿದು, ಕೂದಲು ಸರಿಮಾಡಿಕೊಂಡು, ನೇರ ನನ್ನ ಮುಂದೆ ಬಂದು ನಿಂತಳು.

"ಮಾಳಿಗಿ ಮ್ಯಾಲಿನ ನೀರಿನ ಟಾಕಿ ಮುಚ್ಚಳಾ ತೆಗದ ಬಂದೀಯಲ್ಲೋ! ಕಾಗಿ ಕುಂತಾವ. ಲಗೂ ಹೋಗಿ ಮುಚ್ಚು, ನಡಿ."