ಕಾಂಪೌಂಡಿನಾಚೆ ಬಾಗಿದ ದಾಸವಾಳ

ಹೂದೋಟ ಮಾಡಿಕೊಡೋ ಕಸುಬಿನಲ್ಲಿ ಗಿಡಗಳು ಹೇಳಿದ ಮಾತು ಕೇಳ್ತವೆ. ತರಲೆಯೆಲ್ಲ ಮನೆಯವರದ್ದು. ಹಾಸನ, ಚನ್ನರಾಯಪಟ್ಟಣದ ಕಡೆ ನನ್ನ ಕೈ ತಾಗದ ಒಳ್ಳೆ ಹೂದೋಟ ಇದ್ದರೆ ಯಾರಾದರೂ ತೋರಿಸಲಿ. ಅರಕಲಗೂಡಿನಲ್ಲಿ ಒಂದ್ಸಲ ಗುದ್ದಲಿ ಕಾವು ಬಿಚ್ಚಿ ನೆಲಕ್ಕೆ ಊರಿ ಕಾಫಿಗೆ ಹೋಗಿದ್ದೆ. ಬಂದು ನೋಡಿದರೆ ಚಿಗುರಿತ್ತು. ಈಗ ಅದರ ನೆರಳಲ್ಲಿ ಆಟೋ ನಿಲ್ಲಿಸ್ತಾರೆ. ಇಂಥ ನನ್ನನ್ನೂ ಸೋಲಿಸಿದ್ದು ಹೊಳೆನರಸೀಪುರದ ಟೀಚರಮ್ಮನ ತೋಟ.

ನೆಲದ ಮೇಲಿನ ನಕ್ಷೆ

ಟೀಚರಮ್ಮ ಆಗತಾನೆ ರಿಟೈರ್ ಆಗಿದ್ದರು. ಒಬ್ಬರೇ ಇದ್ದರು. ಬೆಳಗ್ಗೆ ಎದ್ದು ತಮ್ಮ ಗಿಡದ ಹೂವನ್ನೇ ಕಿತ್ತು ದೇವರಿಗೆ ಇಡಬೇಕು, ಅದೊಂದೇ ಆಸೆ ಅಂದರು. ಪೇಪರಲ್ಲಿ ನಕ್ಷೆ ಬರೆದು ತಂದರು. ನಾನು ಇಸ್ಕೂಲು ಮೆಟ್ಟಿಲು ಹತ್ತಿದವನಲ್ಲ, ನೆಲದ ಮೇಲೆ ಬರೀರವ್ವ ಅಂದೆ. ಸಂಜೆ ಇಬ್ಬರೂ ಸೇರಿ ಮುಂದಿನ ಅಂಗಳದಲ್ಲಿ ಇಲ್ಲಿ ದಾಸವಾಳ, ಅಲ್ಲಿ ನಂದಿಬಟ್ಟಲು ಅಂತ ರಂಗೋಲಿಪುಡಿಯಲ್ಲಿ ನಾಲ್ಕು ಚೌಕ ಎಳೆದೆವು.

ಮಾರನೇ ದಿನ ನಾನು ಬಂದು ಗೆರೆ ಹಿಡಿದು ಅಗೆದೆ. ಟೀಚರಮ್ಮ ಪೂಜೆ ಮುಗಿಸಿ ಹೊರಗೆ ಬಂದವರೇ ನಿಂತುಬಿಟ್ಟರು. ಅಂಗಳದ ತುಂಬ ಎಸಳೆಸಳಾಗಿ ಕಮಲ. ಕೆಲಸದ ಹೆಂಗಸು ಮುಂಜಾನೆ ಎಂದಿನಂತೆ ಗುಡಿಸಿ, ಸಗಣಿನೀರು ಹಾಕಿ, ಚೌಕ ಚೆನ್ನಾಗಿಲ್ಲ ಅಂತ ತನಗೆ ತಿಳಿದ ರಂಗೋಲಿ ಬಿಟ್ಟಿದ್ದಳು. ರಾತ್ರಿ ಟೀಚರಮ್ಮನೇ ನಕ್ಷೆ ಬದಲಾಯಿಸಿರಬೇಕು ಅಂದ್ಕೊಂಡು ನಾನು ಅದನ್ನೇ ಅಗೆದಿದ್ದೆ.

ಟೀಚರಮ್ಮ ನೋಡಿದರು, ನೋಡಿದರು, ಆಮೇಲೆ ಇದೇ ಇರಲಿ ಅಂದರು. ಕೆಲಸದವಳಿಗೆ ಮಾತ್ರ ಬೇಜಾರು. "ಮೊದ್ಲೇ ಯೋಳಿದ್ರೆ ನವಿಲೇ ಬುಡ್ತಿದ್ನಲ್ಲಾ."

ಬೋರ್ಡು

ಗಿಡಗಳು ಎದ್ದವು ನೋಡಿ, ದಾಸವಾಳವಂತೂ ಕಾಂಪೌಂಡು ದಾಟಿ ಬೀದಿಗೆ ಬಗ್ಗಿತು. ನಾನು ನೆಟ್ಟಿದ್ದಲ್ಲವೇ, ಒಂದೊಂದು ಹೂವು ಊಟದ ತಟ್ಟೆಯಷ್ಟು.

ಅದೇ ತಪ್ಪಾಯಿತು. ಬೆಳಗಾಗೋ ಮುಂಚೆ ವಾಕಿಂಗ್ ಹೋಗೋ ಹೆಂಗಸರು ಕೈಯಲ್ಲಿ ಪ್ಲಾಸ್ಟಿಕ್ ಕವರು, ಕೊಕ್ಕೆಕೋಲು ಹಿಡಿದು ಬರೋರು. ಟೀಚರಮ್ಮ ಬುಟ್ಟಿ ಹಿಡಿದು ಬರೋ ಹೊತ್ತಿಗೆ ಬರೀ ಎಲೆ. ಕೇಳಿದರೆ, "ನಾವೇನು ಮುಡ್ಕೊತೀವಾ ಟೀಚರೇ? ದೇವ್ರಿಗೆ ತಾನೆ. ನಿಮ್ಗೂ ಪುಣ್ಯ ಬತ್ತದೆ" ಅನ್ನೋರು. ಇವರು ಪುಣ್ಯ ಬೇಡ, ಹೂ ಬಿಡಿ ಅನ್ನೋರು. ಆ ಜಗಳ ಕಾಫಿ ಆಯ್ತಾ, ಮಂಡಿನೋವು ಹೆಂಗಿದೆ ಅನ್ನೋವರೆಗೂ ನಡೆಯೋದು.

ಕೊನೆಗೆ ಹೂವು ಕೀಳಬಾರದು ಅಂತ ಬೋರ್ಡು ಬರೆಸಿದರು. ನಾನೇ ಗೂಟ ಹೊಡೆದು ನಿಲ್ಲಿಸಿದೆ. ಮಾರನೇ ದಿನ ಹೆಂಗಸರು ಕವರನ್ನ ಬೋರ್ಡಿಗೆ ನೇತುಹಾಕಿ ಎರಡೂ ಕೈಯಲ್ಲಿ ಕಿತ್ತರು.

ಹಿತ್ತಲಿಗೆ

ಟೀಚರಮ್ಮ ನನ್ನ ಕರೆಸಿ ಏನಾದರೂ ಮಾಡಿ ಅಂದರು. ದುಂಬಿ ಕೂಡ ನಿಮ್ಮನ್ನ ಕೇಳಿ ಒಳಗೆ ಬರಬೇಕು, ಹಂಗೆ ಮಾಡ್ತೀನಿ ಅಂದೆ. ಮಳೆ ಹಿಡಿಯುತ್ತಲೇ ಎಲ್ಲ ಗಿಡ ಬೇರುಮಣ್ಣಿನ ಸಮೇತ ಎಬ್ಬಿಸಿ ಹಿತ್ತಲಿಗೆ ಸಾಗಿಸಿದೆ. ಒಂದು ಎಲೆ ಬಾಡಲಿಲ್ಲ. ಮುಂದೆ ಕಮಲ ಇದ್ದ ಜಾಗಕ್ಕೆ ಕಲ್ಲು ಹಾಸಿಸಿದೆವು.

ಅಂಥ ತೋಟ ನಾನು ಇನ್ನೊಂದು ಮಾಡಿಲ್ಲ. ಆದರೆ ಬೀದಿಗೆ ಕಾಣದ ತೋಟವನ್ನು ಯಾರು ಹೊಗಳ್ತಾರೆ? ಇದು ಯಾರ ಕೈಗುಣ ಅಂತ ಒಬ್ಬರೂ ಕೇಳಲಿಲ್ಲ. ನಾನು ಮರುಗಿದ್ದು ಇದಕ್ಕೆ. ಟೀಚರಮ್ಮ ಮರುಗಿದ್ದು ಬೇರೆಯದಕ್ಕೆ. ಮುಂದಿನ ಸಲ ಹೋದಾಗ ದೇವರ ಫೋಟೋಗಳು ಹೂವಲ್ಲಿ ಮುಳುಗಿ ಯಾವ ದೇವರು ಯಾವುದು ಅಂತ ತಿಳೀತಿರಲಿಲ್ಲ. ಟೀಚರಮ್ಮ ಮೆಟ್ಟಿಲ ಮೇಲೆ ಕೂತು ಬೀದಿ ನೋಡ್ತಿದ್ದರು.

"ಹೂವೆಲ್ಲ ನಂದೇ ಆಯ್ತು ಯಜಮಾನ್ರೇ. ಆದ್ರೆ ಈಗ ಗೇಟ್ ಹತ್ರ ಯಾರೂ ನಿಲ್ಲಲ್ಲ."

ಕಾಂಪೌಂಡು ಪಕ್ಕ ಎರಡು ಕಲ್ಲು ಎಬ್ಬಿಸಿ ಮತ್ತೆ ದಾಸವಾಳದ ಕಡ್ಡಿ ಊರಿದೆ. ಬೀದಿಗೆ ಬಗ್ಗೋಕೆ ವರ್ಷ ಬೇಕು ಅಂದಾಗ ಅವರು ಸಪ್ಪಗಾದರು. ಗುದ್ದಲಿ ಕಾವು ಚಿಗುರಿಸಿದ ನಾನೇ ಏನೂ ಮಾಡಲಾಗದೆ ಬಂದೆ.

ಪಕ್ಕದ ಬೀದಿ

ಸ್ವಲ್ಪ ದಿನದ ಮೇಲೆ, ಕೆಲಸಕ್ಕೆ ಅಂತ ಮುಂಜಾನೆ ಬಸ್ಸಿಗೇ ಹೊಳೆನರಸೀಪುರಕ್ಕೆ ಹೋದೆ. ಪಕ್ಕದ ಬೀದಿಯಲ್ಲಿ ಅದೇ ವಾಕಿಂಗ್ ಹೆಂಗಸರು ಯಾರದೋ ಕಣಗಿಲೆ ಬಗ್ಗಿಸ್ತಾ ನಗ್ತಿದ್ದರು. ಎಲ್ಲರಿಗಿಂತ ಉದ್ದದ ಕೊಕ್ಕೆಕೋಲು ಹಿಡಿದು ಮುಂದೆ ನಿಂತಿದ್ದವರು ಟೀಚರಮ್ಮ.

ಹಿತ್ತಲ ತುಂಬ ಹೂವಿರೋರು ಇಲ್ಲೇನವ್ವ ಅಂದೆ. ಅವರು ನನ್ನನ್ನ ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ಈ ಮನೆಯೋರು ಗಿಡ ಎಲ್ಲ ಹಿತ್ತಲಿಗೆ ಹಾಕಿಸ್ಬೇಕು ಅಂತಿದಾರೆ. ನಿಮ್ಮನ್ನ ಕರೆದ್ರೆ ದಯವಿಟ್ಟು ಒಪ್ಕೋಬೇಡಿ ಯಜಮಾನ್ರೇ."

ನಾನು ಅವತ್ತು ಬಂದಿದ್ದೇ ಆ ಮನೆಗೆ.