ಬಡಾವಣೆಯ ಸಂಚಿಕೆಗೆ ನಾನು ಅಕ್ಷರ ಕೂರಿಸಿದ್ದು

ಅಕ್ಷರದ ಕೆಲಸಕ್ಕೆ ಕೈಹಾಕಿದ ಮೇಲೆ ನಾನು ಒಂದು ಹೇಳಿದರೆ ಎದುರಿಗಿದ್ದವರಿಗೆ ಇನ್ನೊಂದು ಕೇಳಿಸುತ್ತದೆ, ಅವರು ಹೇಳಿದ್ದು ನನಗೆ ಮತ್ತೊಂದಾಗಿ ಅರ್ಥವಾಗುತ್ತದೆ. ಯಾಕೆ ಹೀಗೆ ಅಂತ ತಿಳಿದುಕೊಳ್ಳಲು ಹೋದಾಗೆಲ್ಲ ಇನ್ನೂ ಒಂದು ಗೊಂದಲ ಜಾಸ್ತಿಯಾಗಿದೆ.

ನಾನು ಯಲಹಂಕದ ಆಚೆ ಒಂದು ಡಿಸೈನ್ ಕಾಲೇಜಿನಲ್ಲಿ ಓದುತ್ತಿದ್ದೇನೆ. ಮನೆ ಅಲ್ಲಾಳಸಂದ್ರ ಕೆರೆ ಹತ್ತಿರದ ಹಳೇ ಬಡಾವಣೆಯಲ್ಲಿ. ಈ ಸೆಮಿಸ್ಟರ್ ನಮಗೆ ಟೈಪೋಗ್ರಫಿ, ಅಂದರೆ ಪುಟದ ಮೇಲೆ ಅಕ್ಷರಗಳನ್ನು ಅಂದವಾಗಿ, ಓದುವಂತೆ ಕೂರಿಸುವ ವಿದ್ಯೆ. ಪಾಠ ಮಾಡುವ ಮೇಡಂ ಬೇರೆ ರಾಜ್ಯದವರು, ಕನ್ನಡ ಓದಲು ಬರುವುದಿಲ್ಲ. ಅವರ ಷರತ್ತು ಒಂದೇ. ಪ್ರತಿಯೊಬ್ಬರೂ ಒಂದು ಪತ್ರಿಕೆಯ ಪುಟಗಳನ್ನು ವಿನ್ಯಾಸ ಮಾಡಬೇಕು, ಅದು ನಿಜವಾಗಿ ಅಚ್ಚಾಗಿ ಜನರ ಕೈಗೆ ಹೋಗಬೇಕು. ಹೋಗದಿದ್ದರೆ ಪಾಸಿಲ್ಲ.

ನಮ್ಮ ಬಡಾವಣೆಯ ನಿವಾಸಿಗಳ ಸಂಘ ರಾಜ್ಯೋತ್ಸವಕ್ಕೆ ಪ್ರತಿವರ್ಷ ಒಂದು ಸಂಚಿಕೆ ತರುತ್ತದೆ. ಈ ಸಲ ನಾನೇ ಮಾಡಿಕೊಡ್ತೀನಿ ಅಂತ ಸಂಘದ ಕಾರ್ಯದರ್ಶಿಗಳ ಮನೆಗೆ ಹೋದೆ. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಯಾವುದಕ್ಕೂ ಅವಸರವಿಲ್ಲದವರು.

"ಮಾಡಮ್ಮ, ಅದಕ್ಕೇನಂತೆ. ಪ್ರೆಸ್ಸಿನವರು ಮಾಡಿದ್ದನ್ನೂ ಯಾರೂ ಓದಲ್ಲ" ಎಂದರು.

ಅದು ಧೈರ್ಯ ಹೇಳಿದ್ದೋ ಎಚ್ಚರಿಕೆ ಕೊಟ್ಟಿದ್ದೋ ತಿಳಿಯದೆ ಕಾಫಿ ಕುಡಿದು ಬಂದೆ.

ಮೊದಲ ಪಾಠ

ಮೇಡಂ ಕೊಟ್ಟ ಮೊದಲ ಅಭ್ಯಾಸ, 'ಅ' ಅಕ್ಷರವನ್ನು ಕೈಯಲ್ಲಿ ಬೇರೆಬೇರೆ ದಪ್ಪದಲ್ಲಿ ಬರೆಯುತ್ತಾ ಹೋಗುವುದು. ವಾರವಿಡೀ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬರೆದೆ. ಸಣ್ಣ ಅ, ದಪ್ಪ ಅ, ಹೊಟ್ಟೆ ಬಂದ ಅ, ಬಡಕಲು ಅ.

ಅಜ್ಜಿ ದಿನಾ ಬಂದು ನೋಡಿ ಹೋಗುತ್ತಿದ್ದರು. ಕೊನೆಗೊಂದು ಸಂಜೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು.

"ಕಾಲೇಜಲ್ಲಿ ಎಲ್ಲಾರ್‌ಗೂ ಇದೇ ಬರ್ಸ್ತಾರಾ, ಇಲ್ಲ ನಿಂಗೊಬ್ಳಿಗೇನಾ?"

"ಎಲ್ಲರಿಗೂ ಅಜ್ಜಿ."

ಅವರ ಮುಖ ನಿರಾಳವಾಯಿತು. ಒಳಗೆ ಹೋಗಿ ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು. "ಏನೂ ತೊಂದ್ರೆ ಇಲ್ವಂತೆ ಕಣೇ. ಇಡೀ ಕ್ಲಾಸೇ ಹಿಂಗಂತೆ."

ಪ್ರಯೋಗ

ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಮೊದಲ ಸಲ ಕನ್ನಡ ಹಾಕಿದಾಗ ಒತ್ತಕ್ಷರಗಳೆಲ್ಲ ಕಳಚಿಕೊಂಡವು. 'ಕನ್ನಡ' ಅಂತ ಹಾಕಿದರೆ 'ಕನ್‌ನಡ' ಅಂತ ಬಂತು. 'ಹಬ್ಬದ ಸಂಭ್ರಮ' ಅಂತ ಇದ್ದದ್ದು 'ಹಬ್‌ಬದ ಸಂಭ್‌ರಮ' ಆಯಿತು. ಓದಿದರೆ ಯಾರೋ ಬಿಕ್ಕಳಿಸುತ್ತಾ ಭಾಷಣ ಮಾಡಿದ ಹಾಗಿತ್ತು. ಸರಿಪಡಿಸೋಣ ಅಂತ ಕೂತಿದ್ದೆ, ಅಷ್ಟರಲ್ಲಿ ಮೇಡಂ ಹಿಂದೆ ಬಂದು ನಿಂತರು.

ಅವರು ಸ್ಕ್ರೀನನ್ನೂ ಪಕ್ಕದಲ್ಲಿದ್ದ ಕೈಬರಹದ ಪ್ರತಿಯನ್ನೂ ಹೋಲಿಸಿ ನೋಡಿದರು. ಆಮೇಲೆ ಇಡೀ ಕ್ಲಾಸನ್ನು ಕರೆದರು. "ನೋಡಿ, ಪದ ಒಡೆದಿದ್ದಾಳೆ. ಓದುವವನನ್ನು ತಡೆದು ನಿಲ್ಲಿಸುತ್ತಿದ್ದಾಳೆ. ಇದಕ್ಕೆ ಧೈರ್ಯ ಬೇಕು" ಎಂದು ಇಂಗ್ಲಿಷಿನಲ್ಲಿ ವಿವರಿಸಿದರು.

ಶೆಟ್ಟಿಹಳ್ಳಿಯಿಂದ ಬರುವ ನನ್ನ ಗೆಳತಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಅವಳು ನನ್ನ ಕಿವಿಯ ಹತ್ತಿರ ಬಂದು, "ಮಗಾ, ಸುಮ್ನಿರು. ಮಾರ್ಕ್ಸ್ ಬರ್ತಿದೆ" ಎಂದಳು.

ಆದರೆ ಸಂಚಿಕೆ ಓದಬೇಕಾದವರು ಬಡಾವಣೆಯವರಲ್ಲವೇ? ಸೆಟಿಂಗ್ ಹುಡುಕಿ ಎಲ್ಲ ಒತ್ತುಗಳನ್ನೂ ಅವುಗಳ ಜಾಗಕ್ಕೆ ಕಳಿಸಿ, ಮರುದಿನ ಮೇಡಂಗೆ ತೋರಿಸಿದೆ.

ಅವರು ನಿಟ್ಟುಸಿರು ಬಿಟ್ಟರು. "ಯಾಕೆ ಹೆದರಿಬಿಟ್ಟೆ?"

ಉಸಿರಾಟ

ಮೇಡಂ ಆಗಾಗ ಹೇಳುವ ಮಾತೊಂದಿದೆ. ಪುಟ ತುಂಬಾ ತುರುಕಬಾರದು, ಅಕ್ಷರಕ್ಕೆ ಉಸಿರಾಡಲು ಜಾಗ ಬಿಡಬೇಕು. ನಾನು ಅದನ್ನು ಶ್ರದ್ಧೆಯಿಂದ ಪಾಲಿಸಿ, ಮಹಿಳಾ ವಿಭಾಗದ ವರದಿಯ ಕೆಳಗೆ ಅರ್ಧ ಪುಟ ಬೆಳ್ಳಗೆ ಬಿಟ್ಟೆ.

ಕಾರ್ಯದರ್ಶಿಗಳು ಆ ಬಿಳಿ ಜಾಗದ ಮೇಲೆ ಬೆರಳಿಟ್ಟರು. "ಇಲ್ಲೇನು ಬರುತ್ತಮ್ಮ?"

"ಏನೂ ಬರಲ್ಲ ಅಂಕಲ್. ಅದು ಉಸಿರಾಟಕ್ಕೆ."

"ಉಸಿರಾಟಕ್ಕಾ?"

"ಹೂಂ. ಅದಿಲ್ಲದಿದ್ರೆ ಜನಕ್ಕೆ ಆಯಾಸ ಆಗುತ್ತಂತೆ."

"ನಿಜ, ನಿಜ. ಒಳ್ಳೇ ಯೋಚನೆ ಮಾಡಿದ್ದೀಯ" ಎಂದು ತಲೆಯಾಡಿಸಿದರು. ಬಿಳಿ ಜಾಗದ ಬೆಲೆ ಇವರಿಗೆ ಇಷ್ಟು ಬೇಗ ತಿಳಿಯಿತಲ್ಲ ಅಂತ ನನಗೆ ಹೆಮ್ಮೆಯಾಯಿತು.

ಸಂಜೆ ವಾಟ್ಸಾಪಿನಲ್ಲಿ ಅವರಿಂದ ಒಂದು ಲೇಖನ ಬಂತು. ಶೀರ್ಷಿಕೆ 'ಪ್ರಾಣಾಯಾಮದ ಪ್ರಯೋಜನಗಳು'. ಜೊತೆಗೆ ಮೂಗಿನ ಒಂದು ಹೊಳ್ಳೆ ಮುಚ್ಚಿಕೊಂಡ ಅವರದೇ ಫೋಟೋ. ಕೆಳಗೆ ಬರೆದಿದ್ದರು: "ಸರಿಯಾಗಿ ಅರ್ಧ ಪುಟಕ್ಕೇ ಬರೆದಿದ್ದೇನೆ."

ಗಟರ್

ಎರಡು ಕಾಲಂಗಳ ನಡುವೆ ಬಿಡುವ ಸಂದಿಗೆ ನಮ್ಮ ವಿದ್ಯೆಯಲ್ಲಿ ಗಟರ್ ಅನ್ನುತ್ತಾರೆ. ಪ್ರಾಣಾಯಾಮವೂ ಸೇರಿ ಮ್ಯಾಟರ್ ಜಾಸ್ತಿಯಾಗಿ ಆ ಸಂದಿ ಕಿರಿದಾಗಿತ್ತು. ಒಂದು ಲೇಖನ ತೆಗೆಯಲು ಒಪ್ಪಿಗೆ ಕೇಳೋಣ ಅಂತ ಮತ್ತೆ ಕಾರ್ಯದರ್ಶಿಗಳ ಮನೆಗೆ ಹೋದೆ.

"ಅಂಕಲ್, ಗಟರ್ ತುಂಬಾ ಚಿಕ್ಕದಾಯ್ತು ಅಂದ್ರು ನಮ್ಮ ಮೇಡಂ."

ಅವರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. "ಅವರು ಯಾವಾಗ ನೋಡಿದ್ರಮ್ಮ?"

"ನಿನ್ನೆ ನಾನೇ ತೋರಿಸಿದೆ. ಅಲ್ಲಿದ್ದದ್ದು ಇಲ್ಲಿಗೆ, ಇಲ್ಲಿದ್ದದ್ದು ಅಲ್ಲಿಗೆ ಸೇರ್ಕೊಂಡು ಬಿಡುತ್ತಂತೆ."

"ಸೇರ್ಕೊಳ್ದೆ ಇನ್ನೇನು? ಒಂದು ಮಳೆ ಬಂದ್ರೆ ನೀರೆಲ್ಲ ಹಾಲಿನ ಬೂತ್ ತನಕ ಬರುತ್ತೆ. ಇದನ್ನೇ ನಾನು ವಾರ್ಡ್ ಆಫೀಸಲ್ಲಿ ಬಾಯಿ ನೋಯೋ ತನಕ ಹೇಳಿದ್ದು. ನಿಮ್ಮ ಮೇಡಂ ಒಂದು ಸಹಿ ಹಾಕಿಕೊಡ್ತಾರಾ?"

ಮಳೆ ಯಾಕೆ ಬಂತು, ಸಹಿ ಯಾಕೆ ಬೇಕು ಅಂತ ನನಗೆ ಹೊಳೆಯಲಿಲ್ಲ. ಕೇಳಿ ನೋಡ್ತೀನಿ ಅಂದೆ.

"ಇರ್ಲಿ, ಎಷ್ಟು ಅಗಲ ಮಾಡ್ಬೇಕಂತೆ?"

"ಆರು ಮಿಲಿಮೀಟರ್ ಅಂಕಲ್."

ಅವರು ಎರಡು ಬೆರಳು ಹತ್ತಿರ ತಂದು ಅಳತೆ ನೋಡಿಕೊಂಡರು. ಆಮೇಲೆ ಬೇಸರದ ದನಿಯಲ್ಲಿ ಹೇಳಿದರು.

"ಆಗ್ಲಿ ಬಿಡು. ನಮ್ಮ ವಾರ್ಡ್ ಇಂಜಿನಿಯರ್ ಅಷ್ಟೂ ಬಿಟ್ಟಿಲ್ಲ."

ಅಧ್ಯಕ್ಷರ ನುಡಿ

ಸಂಘದ ಅಧ್ಯಕ್ಷರು ಮಾತಿನಲ್ಲಿ ಗಟ್ಟಿಗರು, ಬರೆಯುವುದರಲ್ಲಿ ಸೋಮಾರಿ. ಅವರ ಲೇಖನ ಬರಲೇ ಇಲ್ಲ. ನಿಜವಾದ ಮ್ಯಾಟರ್ ಬರುವ ತನಕ ಯಾವುದಾದರೂ ಬರಹ ತುಂಬಿ ಪುಟ ಹೇಗೆ ಕಾಣುತ್ತದೆ ಅಂತ ನೋಡುವುದು ನಮ್ಮಲ್ಲಿ ರೂಢಿ. ಅಮ್ಮ ಚಿಕ್ಕಮ್ಮನಿಗೋಸ್ಕರ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹುರುಳಿಕಾಳಿನ ಬಸ್ಸಾರು ಮಾಡುವ ವಿಧಾನ ಹಾಕಿದ್ದರು. ಅದನ್ನೇ ತೆಗೆದು 'ಅಧ್ಯಕ್ಷರ ನುಡಿ' ಅನ್ನುವ ಶೀರ್ಷಿಕೆಯ ಕೆಳಗೆ ಅಂಟಿಸಿದೆ. ಮೇಲೆ 'ಆತ್ಮೀಯ ಬಂಧುಗಳೇ' ಎಂದು ಸೇರಿಸಿದೆ. ಪುಟ ಬಹಳ ಗಂಭೀರವಾಗಿ ಕಾಣಿಸಿತು.

ನೋಡಲು ಅಂತ ಆ ಪುಟವನ್ನು ಅಧ್ಯಕ್ಷರಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು. "ತುಂಬಾ ಚೆನ್ನಾಗಿದೆಯಮ್ಮ. ನನ್ನ ಮನಸ್ಸಿನಲ್ಲಿದ್ದದ್ದೇ ಬಂದಿದೆ. ಒಂದಕ್ಷರವನ್ನೂ ಬದಲಾಯಿಸಬೇಡ."

ನನಗೆ ಗೊಂದಲವಾಯಿತು. ಬಹುಶಃ ಅವರು ಮೆಚ್ಚಿದ್ದು ವಿನ್ಯಾಸವನ್ನು, ಲೇಖನವನ್ನು ಕಾರ್ಯದರ್ಶಿಗಳಿಗೆ ಕೊಟ್ಟಿರುತ್ತಾರೆ, ಫೈಲ್ ತಿದ್ದುವಾಗ ಕಾರ್ಯದರ್ಶಿಗಳು ಹಾಕಿಸಿಬಿಡುತ್ತಾರೆ ಅಂದುಕೊಂಡೆ. ಕಾರ್ಯದರ್ಶಿಗಳು ನಾನೇ ಹಾಕಿದ್ದೇನೆ ಅಂದುಕೊಂಡಿದ್ದರು. ಪ್ರೆಸ್ಸಿಗೆ ಕಳಿಸುವ ಮೊದಲು ಆ ಪುಟವನ್ನು ನಾನು ಎಷ್ಟೋ ಸಲ ನೋಡಿದೆ. ಸಾಲುಗಳ ನಡುವಿನ ಅಂತರ ನೋಡಿದೆ, ಅಂಚು ನೋಡಿದೆ. ಓದಲಿಲ್ಲ.

ಸಮಾರಂಭಕ್ಕೆ ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿದ್ದರು. ಮೇಡಂ ಕೂಡ ಬಂದು ಮುಂದಿನ ಸಾಲಿನಲ್ಲಿ ಕೂತರು. ಸಂಚಿಕೆ ಬಿಡುಗಡೆಯಾಗಿ ಎಲ್ಲರ ಕೈಗೂ ಹೋಯಿತು. ಪಾಸಾದೆ ಅಂತ ಉಸಿರು ಬಿಟ್ಟೆ. ಅಷ್ಟರಲ್ಲಿ ಅಧ್ಯಕ್ಷರು ಮೈಕಿನ ಮುಂದೆ ನಿಂತು, "ನನ್ನ ಮಾತನ್ನು ಸಂಚಿಕೆಯಲ್ಲೇ ಬರೆದಿದ್ದೇನೆ, ಅದನ್ನೇ ಓದುತ್ತೇನೆ" ಎಂದು ಕನ್ನಡಕ ಏರಿಸಿದರು.

"ಆತ್ಮೀಯ ಬಂಧುಗಳೇ. ಹುರುಳಿಕಾಳನ್ನು ಹಿಂದಿನ ದಿನವೇ ತೊಳೆದು ನೆನೆಹಾಕಿ."

ನಾನು ಗಡಿಬಿಡಿಯಲ್ಲಿ ಸಂಚಿಕೆ ಬಿಡಿಸಿ ಆ ಪುಟವನ್ನು ಮೊದಲ ಸಲ ಓದಿದೆ. ಪಕ್ಕದಲ್ಲಿದ್ದ ಅಮ್ಮ, "ಇದು ನಂದಲ್ವೇನೇ?" ಎಂದರು.

ಅಧ್ಯಕ್ಷರು ಪುಟ ನೋಡಿದರು, ಜನರನ್ನು ನೋಡಿದರು. ಜನ ಕಾಯುತ್ತಿದ್ದರು. ಅವರು ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. "ಅಂದರೆ, ಯಾವ ಕೆಲಸಕ್ಕೂ ಪೂರ್ವಸಿದ್ಧತೆ ಬೇಕು. ನೆನೆಯದ ಕಾಳು ಬೇಯುವುದಿಲ್ಲ. ಸಂಘವೂ ಹಾಗೇ." ಒಂದಿಬ್ಬರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರಿಗೆ ಹುರುಪು ಬಂತು. "ಕಲ್ಲಿದ್ದರೆ ಆರಿಸಿ ತೆಗೆಯಿರಿ" ಎಂದು ಓದಿ, ಕಳೆದ ಚುನಾವಣೆಯಲ್ಲಿ ತಮ್ಮ ವಿರುದ್ಧ ನಿಂತವರ ಕಡೆ ಒಮ್ಮೆ ನೋಡಿದರು. ಅವರು ಕುರ್ಚಿಯಲ್ಲಿ ಮಿಸುಕಾಡಿದರು. "ಬೆಂದ ಮೇಲೆ ಕಟ್ಟನ್ನು ಬಸಿದು ಬೇರೆ ಇಟ್ಟುಕೊಳ್ಳಿ" ಅನ್ನುವುದಕ್ಕೆ ಸಂಘದ ಉಳಿತಾಯ ಅಂತ ಅರ್ಥ ಹೇಳಿದರು. ಮಸಾಲೆ ರುಬ್ಬುವ ಹೊತ್ತಿಗೆ ಶಾಮಿಯಾನವೆಲ್ಲ ಚಪ್ಪಾಳೆ. ಒಂದಕ್ಷರವೂ ಅರ್ಥವಾಗದ ಮೇಡಂ ನನ್ನ ಕಡೆ ತಿರುಗಿ, ಅಕ್ಷರ ವಿನ್ಯಾಸಕ್ಕೆ ಇಂಥ ಪ್ರತಿಕ್ರಿಯೆ ತಾವು ಎಲ್ಲೂ ಕಂಡಿಲ್ಲ ಎಂದರು.

ಪುಟ ಅಲ್ಲಿಗೆ ಮುಗಿದಿತ್ತು. ಅಮ್ಮನ ಬರಹದ ಕೊನೆಯ ಸಾಲುಗಳು ಜಾಗ ಸಾಲದೆ, ಅಚ್ಚಾಗದೆ ಫೈಲಿನ ಒಳಗೇ ಉಳಿದುಹೋಗಿದ್ದವು. ಅಧ್ಯಕ್ಷರು ಕೈಮುಗಿದು ಇನ್ನೇನು ಕೂರಬೇಕು, ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಎದ್ದು ನಿಂತರು.

"ಎಲ್ಲಾ ಸರಿ ಅಧ್ಯಕ್ಷರೇ, ಒಗ್ಗರಣೆ ಹಾಕೋದು ಹೇಳ್ಲೇ ಇಲ್ವಲ್ಲ?"

ಅಧ್ಯಕ್ಷರು ಒಂದು ಕ್ಷಣವೂ ತಡಮಾಡಲಿಲ್ಲ.

"ಅದನ್ನ ನಮ್ಮ ಕಾರ್ಯದರ್ಶಿಗಳು ವಂದನಾರ್ಪಣೆಯಲ್ಲಿ ಹೇಳ್ತಾರೆ ತಾಯಿ."